‘ರಿಟೈರ್’ ಆಗುವುದು ಎಲ್ಲಿಂದ? ಎಲ್ಲಿಗೆ?

ಶಾಲೆಯ ದಾಖಲೆಯಂತೆ ನಮ್ಮ ಜನ್ಮದಿನ 1958ರ ಜೂನ್ 1. ನಮ್ಮ ತಲೆಮಾರಿನ ಅನೇಕರ ಜನ್ಮದಿನವೂ ಅದೇ ಆಗಿರುವುದನ್ನು ಓದುಗರು ಬಲ್ಲರು. ಅದು ತಾಯಿ ಹೆತ್ತ ದಿನವಲ್ಲ. ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರರು ಬರೆದುಕೊಂಡ ದಿನ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಸೇವೆಯಿಂದ ನಿವೃತ್ತರಾಗಬೇಕೆಂಬುದು ಸರಕಾರದ ನಿಯಮ. ಹೀಗಾಗಿ 2018ರ ಮೇ 31ರಂದು, ಅರವತ್ತು ತುಂಬಿದ ಲೆಕ್ಕದಲ್ಲಿ, ನಾವು ಪ್ರೌಢಶಾಲೆಯೊಂದರ ಕನ್ನಡ ಪಂಡಿತರ ಹುದ್ದೆಯಿಂದ ನಿವೃತ್ತರಾದೆವು. ಶಾಲು, ಹಾರ, ಫಲತಾಂಬೂಲಗಳಾದವು. ಬಳಿಕ ಭಾಷಣಗಳು.

ಮೊದಲು ಮಾತನಾಡಿದವರು, “ರಿಟೈರ್ ಎಂದರೆ ಮುಗಿಯಿತು ಎಂದಲ್ಲ, ಹಳೆಯ ಗಾಡಿಗೆ ಹೊಸ ಟಯರ್ ಹಾಕಿಸಿಕೊಂಡು ಮತ್ತೆ ಓಡುವುದು” ಎಂದರು. ಸಭೆ ಚಪ್ಪಾಳೆ ತಟ್ಟಿತು. ಎರಡನೆಯವರು, “ಅಲ್ಲ, ಟಯರ್ಡ್ ಎಂದರೆ ದಣಿದವರು, ರಿಟೈರ್ಡ್ ಎಂದರೆ ಮತ್ತೊಮ್ಮೆ ದಣಿಯಲು ಸಿದ್ಧರಾದವರು” ಎಂದರು. ಸಭೆ ಮತ್ತೆ ನಕ್ಕಿತು. ನಾವೂ ನಕ್ಕೆವು. ಬೀಳ್ಕೊಡುಗೆಯ ಸಮಾರಂಭಗಳಲ್ಲಿ ಈ ಎರಡು ವಿನೋದಗಳನ್ನು ಕೇಳದವರು ವಿರಳ.

ಆದರೆ ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು, ಗುರುಗಳ ಎದುರಿಗೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸೂತ್ರ ಸೂತ್ರವಾಗಿ ಒಪ್ಪಿಸಿದ ನಮ್ಮಂಥವರಿಗೆ ಒಂದು ಚಾಳಿ ಉಳಿದುಬಿಡುತ್ತದೆ. ಯಾವ ಪದ ಕಿವಿಗೆ ಬಿದ್ದರೂ ಅದರ ಧಾತು ಯಾವುದು, ಪ್ರತ್ಯಯ ಯಾವುದು ಎಂದು ಮನಸ್ಸು ಬಿಡಿಸತೊಡಗುತ್ತದೆ. ಅಂದು ರಾತ್ರಿಯೇ ನಿಘಂಟನ್ನು ತೆರೆದು ನೋಡಿದೆವು. ಸಭೆಯಲ್ಲಿ ಕೇಳಿದ ಮೂರು ಪದಗಳೂ ಬೇರೆ ಬೇರೆ ಮನೆತನದವು. ದಣಿವನ್ನು ಹೇಳುವ ‘ಟಯರ್ಡ್’ ಹಳೆಯ ಇಂಗ್ಲಿಷಿನ ಸ್ವಂತ ಮಾತು. ಗಾಲಿಯ ‘ಟಯರ್’ ಎಂಬುದು ಉಡುಪು ಎಂಬರ್ಥದ ‘ಅಟೈರ್’ ಎಂಬುದರ ತುಂಡು ರೂಪವೆಂದು ನಿಘಂಟುಕಾರರು ಹೇಳುತ್ತಾರೆ; ಮರದ ಗಾಲಿಗೆ ತೊಡಿಸುತ್ತಿದ್ದ ಕಬ್ಬಿಣದ ಪಟ್ಟಿ ಅದರ ಉಡುಪಾಯಿತು. ‘ರಿಟೈರ್’ ಬಂದದ್ದು ಫ್ರೆಂಚಿನ ‘ರಿತಿರೇ’ ಎಂಬ ಕ್ರಿಯಾಪದದಿಂದ. ಅಲ್ಲಿ ‘ರಿ’ ಎಂದರೆ ಹಿಂದಕ್ಕೆ, ‘ತಿರೇ’ ಎಂದರೆ ಎಳೆಯುವುದು. ಹಿಂದಕ್ಕೆ ಎಳೆದುಕೊಳ್ಳುವುದು ಎಂಬುದೇ ಅದರ ಮೂಲಾರ್ಥ.

ಇದಕ್ಕೆ ಸರಿಸಾಟಿಯಾದ ಪದ ಕನ್ನಡದಲ್ಲಿಯೇ ಇದೆಯೆಂಬುದು ನಮಗೆ ಹರ್ಷ ತಂದಿತು. ‘ಹಿಂದೆಗೆ’ ಎಂಬುದನ್ನು ನೋಡಿ. ‘ಹಿಂ’ ಎಂಬುದಕ್ಕೆ ‘ತೆಗೆ’ ಸೇರಿ, ತಕಾರಕ್ಕೆ ದಕಾರವು ಆದೇಶವಾಗಿ ಬಂದಿದೆ. ಫ್ರೆಂಚರು ಮಾಡಿದ ಸಮಾಸವನ್ನೇ ಕನ್ನಡಿಗರೂ ಮಾಡಿದ್ದಾರೆ. ನಾವು ಕಚೇರಿಯಲ್ಲಿ ಬಳಸುವ ‘ನಿವೃತ್ತಿ’ಯಾದರೋ ಸಂಸ್ಕೃತದ್ದು. ‘ವೃತ್’ ಧಾತುವಿಗೆ ‘ನಿ’ ಉಪಸರ್ಗ ಸೇರಿದಾಗ ಮರಳುವುದು, ಹಿಂದಿರುಗುವುದು ಎಂಬ ಅರ್ಥ. ಒಂದು ಭಾಷೆ ಎಳೆದುಕೊಳ್ಳುವುದನ್ನು ಕಂಡಿತು, ಇನ್ನೊಂದು ತಿರುಗಿಕೊಳ್ಳುವುದನ್ನು ಕಂಡಿತು. ಎರಡರಲ್ಲಿಯೂ ಮಾಡುವವನು ತಾನೇ.

ಇಷ್ಟನ್ನು ತಿಳಿದುಕೊಂಡು ತೃಪ್ತರಾಗಿ ಮಲಗಿದೆವು. ಮರುದಿನ ಹತ್ತು ಗಂಟೆಗೆ ಎಂದಿನಂತೆ ಶಾಲೆಗೆ ಹೋದೆವು!

ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಮೊದಮೊದಲು ಹೋಗಲು ನೆಪಗಳಿದ್ದವು: ಪಿಂಚಣಿಯ ಕಾಗದಪತ್ರ, ಗ್ರಂಥಾಲಯಕ್ಕೆ ಮರಳಿಸಬೇಕಾದ ಪುಸ್ತಕ. ಆಮೇಲೆ ನೆಪಗಳ ಅಗತ್ಯವೂ ಉಳಿಯಲಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಕಿಟಕಿಯ ಪಕ್ಕದ ನಮ್ಮ ಹಳೆಯ ಕುರ್ಚಿಯಲ್ಲಿಯೇ ಕುಳಿತುಕೊಳ್ಳುತ್ತಿದ್ದೆವು. ನಮ್ಮ ಸ್ಥಾನಕ್ಕೆ ಬಂದ ಶಿಕ್ಷಕಿ ತರುಣಿ, ಎಂ.ಎ. ಮಾಡಿದವರು, ಪರಿಶ್ರಮಿ. ಅವರು ಪಾಠ ಮಾಡುವಾಗ ನಾವು ಜಗಲಿಯಲ್ಲಿ ಅತ್ತಿತ್ತ ಓಡಾಡುತ್ತ, ಬಾಗಿಲ ಬಳಿ ನಿಂತು, ಸಂಧಿಯೊಂದನ್ನು ಅವರು ಬಿಡಿಸಿದ್ದು ನಮ್ಮ ರೀತಿಗೆ ಹೊಂದದಿದ್ದರೆ ಹೊರಗಿನಿಂದಲೇ ತಿದ್ದುತ್ತಿದ್ದೆವು. ಸೇವೆಯೆಂದೇ ಭಾವಿಸಿದ್ದೆವು. ಸಂಬಳವಿಲ್ಲದೆ ದುಡಿಯುತ್ತಿದ್ದೇವೆಂಬ ಹೆಮ್ಮೆಯೂ ಒಳಗೆ ಇತ್ತು. ಹೀಗೆ ಒಂದು ವರ್ಷ ಕಳೆಯಿತು.

ಮರುವರ್ಷ ಶ್ರಾವಣದ ಒಂದು ಸಂಜೆ ಆ ಶಿಕ್ಷಕಿ ನಮ್ಮ ಮನೆಗೆ ಬಂದರು. ನಮ್ಮ ಮನೆಯವರು ಚಹಾ ಕೊಟ್ಟರು. ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದು, ಕೊನೆಗೆ ತಲೆ ತಗ್ಗಿಸಿಕೊಂಡೇ ಹೇಳಿದರು: “ಗುರುಗಳೇ, ತಪ್ಪು ತಿಳಿಯಬೇಡಿರಿ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಮಕ್ಕಳು ನನ್ನ ಮುಖ ನೋಡುವುದಿಲ್ಲ. ಬಾಗಿಲ ಕಡೆ ನೋಡುತ್ತಾರೆ.”

ನಾವು ಉತ್ತರ ಕೊಡಲಿಲ್ಲ. ಅವರು ನಮಸ್ಕರಿಸಿ ಹೊರಟುಹೋದರು. ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಡಲಾರೆವು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆ ಶಾಲೆಗೆ ದುಡಿದವರು ನಾವು, ನಿನ್ನೆ ಬಂದವರು ನಮಗೆ ಬಾಗಿಲು ತೋರಿಸುವುದೇ ಎಂದು ರಾತ್ರಿಯಿಡೀ ಕುದಿದೆವು. ನಮ್ಮ ಮನೆಯವರು ಮಾತ್ರ ಒಂದೇ ಮಾತು ಅಂದರು: “ಆ ಹುಡುಗಿ ಅಷ್ಟು ದೂರ ನಡೆದು ಬಂದು ಹೇಳಬೇಕಾದರೆ ಎಷ್ಟು ದಿನ ನುಂಗಿಕೊಂಡಿರಬೇಕು?”

ಮರುದಿನ ಶಾಲೆಗೆ ಹೋಗಲಿಲ್ಲ. ಸಂಜೆ ಮೊಮ್ಮಗಳು ಇಂಗ್ಲಿಷ್ ಪಾಠದ ಪುಸ್ತಕವನ್ನು ತಂದು ಪಕ್ಕದಲ್ಲಿ ಕುಳಿತಳು. ಕತ್ತಲಾದೊಡನೆ ಹಕ್ಕಿಗಳು ತಮ್ಮ ಗೂಡಿಗೆ ‘ರಿಟೈರ್’ ಆಗುತ್ತವೆ ಎಂದು ಅದರಲ್ಲಿ ಒಂದು ವಾಕ್ಯ. ಅವಳು ಕೇಳಿದಳು: “ಅಜ್ಜಾ, ಹಕ್ಕಿಗಳೂ ರಿಟೈರ್ ಆಗ್ತಾವೇನು? ಅವಕ್ಕೂ ಪಿಂಚಣಿ ಬರ್ತದೇನು?”

ಮನೆಯವರೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ಮಗುವಿನ ಪುಸ್ತಕದ ಆ ವಾಕ್ಯದಲ್ಲಿ ನಮ್ಮ ಬೀಳ್ಕೊಡುಗೆಯ ಸಭೆಯಲ್ಲಿ ಇಲ್ಲದ ಒಂದು ಪದವಿತ್ತು. ‘ಗೂಡಿಗೆ’ ಎಂಬುದೇ ಆ ಪದ. ಮತ್ತೆ ನಿಘಂಟನ್ನು ತೆರೆದೆವು. ಈ ಸಲ ವ್ಯುತ್ಪತ್ತಿಯನ್ನಷ್ಟೇ ನೋಡದೆ, ಆ ಕ್ರಿಯಾಪದ ಎಲ್ಲೆಲ್ಲಿ ಹೇಗೆ ಸಂಚರಿಸಿತೆಂಬುದನ್ನು ಹುಡುಕುತ್ತ ಹೋದೆವು.

ಇಂಗ್ಲಿಷಿಗೆ ಈ ಪದ ಬಂದದ್ದು 16ನೆಯ ಶತಮಾನದ ಪೂರ್ವಾರ್ಧದಲ್ಲಿ. ಆಗ ಅದು ಹೆಚ್ಚಾಗಿ ರಣರಂಗದ ಮಾತು. ಸೈನ್ಯವು ಹಿಂದೆ ಸರಿದು ಸುರಕ್ಷಿತವಾದ ಜಾಗಕ್ಕೆ ಹೋಗುವುದು. ಏಕಾಂತದ ಸ್ಥಳಕ್ಕೆ ಸರಿಯುವುದು ಎಂಬ ಅರ್ಥವೂ ಅದೇ ಕಾಲದ್ದು. ಅದರ ನೆರೆಯ ಪದ ‘ರಿಟ್ರೀಟ್’. ಅದು ಲ್ಯಾಟಿನ್ನಿನ ಎಳೆಯುವ ಇನ್ನೊಂದು ಧಾತುವಿನಿಂದ ಬಂದದ್ದು. ಪ್ರತಿವರ್ಷ ಜನವರಿ 29ರಂದು ದೆಹಲಿಯ ವಿಜಯ ಚೌಕದಲ್ಲಿ ನಡೆಯುವ ‘ಬೀಟಿಂಗ್ ರಿಟ್ರೀಟ್’ ಸಮಾರಂಭವನ್ನು ಓದುಗರು ದೂರದರ್ಶನದಲ್ಲಿ ನೋಡಿರಬಹುದು. ಹಿಂದಿನ ಯುದ್ಧಗಳಲ್ಲಿ ಸೂರ್ಯಾಸ್ತಕ್ಕೆ ಕಹಳೆ ಊದಿದೊಡನೆ ಸೈನಿಕರು ಆಯುಧಗಳನ್ನು ಕೆಳಗಿಳಿಸಿ ಶಿಬಿರಕ್ಕೆ ಮರಳುತ್ತಿದ್ದ ಪದ್ಧತಿಯ ನೆನಪು ಅದು. ಕಹಳೆ ಕೇಳಿದ ಮೇಲೂ ರಣರಂಗದಲ್ಲಿ ಸುತ್ತಾಡುವವನನ್ನು ಯಾವ ಸೇನಾಪತಿಯೂ ಶೂರನೆಂದು ಕರೆಯಲಾರ.

ಮುಂದಿನ ಶತಮಾನದಲ್ಲಿ ಈ ಪದ ಮನೆಯೊಳಗೆ ಬಂತು. ರಾತ್ರಿ ಮಲಗಲು ಹೋಗುವುದಕ್ಕೂ ‘ರಿಟೈರ್’ ಎಂದರು. ಸಂಕೋಚ ಸ್ವಭಾವದವರನ್ನು ‘ರಿಟೈರಿಂಗ್’ ಗುಣದವರೆಂದು ಕರೆಯುವುದು ಅದಕ್ಕೂ ಈಚಿನದು. ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಪಂಚರು ತೀರ್ಪನ್ನು ಯೋಚಿಸಲು ಒಳಕೋಣೆಗೆ ಹೋಗುವುದೂ ‘ರಿಟೈರ್’ ಆಗುವುದೇ. ಗದ್ದಲದಿಂದ ಸರಿದು ವಿವೇಚಿಸಿ, ಒಂದು ನಿರ್ಣಯವನ್ನು ಕೈಯಲ್ಲಿ ಹಿಡಿದುಕೊಂಡು ಹೊರಬರುವುದಕ್ಕಾಗಿಯೇ ಅವರು ಒಳಗೆ ಹೋಗುತ್ತಾರೆ.

ಇದೇ ಅರ್ಥದ ಅಚ್ಚ ಇಂಗ್ಲಿಷ್ ಪದ ‘ವಿತ್‌ಡ್ರಾ’. ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿಯಿಂದಾಗಿ ಅದು ನಮ್ಮ ಹಳ್ಳಿಗರಿಗೂ ಪರಿಚಿತ. ಇಂದು ನಾವು ಅತಿಥಿಗಳನ್ನು ಕೂರಿಸುವ ‘ಡ್ರಾಯಿಂಗ್ ರೂಮ್’ ಚಿತ್ರ ಬರೆಯುವ ಕೋಣೆಯಲ್ಲ. ಅದರ ಪೂರ್ಣ ಹೆಸರು ‘ವಿತ್‌ಡ್ರಾಯಿಂಗ್ ರೂಮ್’; ದೊಡ್ಡ ಸಭಾಗೃಹದ ಪಕ್ಕದಲ್ಲಿ, ಜನಸಂದಣಿಯಿಂದ ಸರಿದು ಏಕಾಂತವಾಗಿ ಕೂರುವ ಕೋಣೆ. ಹೆಸರಿನ ಮುಂಭಾಗ 17ನೆಯ ಶತಮಾನದಲ್ಲಿ ಉದುರಿಹೋಯಿತು. ಏಕಾಂತಕ್ಕೆಂದು ಕಟ್ಟಿದ ಕೋಣೆಯೇ ಬಂದವರಿಗೆಲ್ಲ ತೋರಿಸುವ ಕೋಣೆಯಾಯಿತು.

ನಮ್ಮ ರೈಲು ನಿಲ್ದಾಣಗಳ ‘ರಿಟೈರಿಂಗ್ ರೂಮ್’ ಹಳೆಯ ಅರ್ಥವನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ. ನಾವು ಮಠದಲ್ಲಿ ಓದುತ್ತಿದ್ದಾಗ ಸಹಪಾಠಿಯೊಬ್ಬನೊಡನೆ ಮೊದಲ ಸಲ ಹುಬ್ಬಳ್ಳಿಯ ನಿಲ್ದಾಣದಲ್ಲಿ ಇಳಿದಿದ್ದೆವು. ಆ ಫಲಕವನ್ನು ಅಕ್ಷರ ಕೂಡಿಸಿ ಓದಿದ ಅವನು, “ನೋಡೋ, ರೈಲ್ವೆಯವರು ತಮ್ಮ ಪಿಂಚಣಿದಾರರಿಗೆ ಇಲ್ಲೇ ಮನೆ ಕಟ್ಟಿಸಿಕೊಟ್ಟಾರ!” ಎಂದು ಬೆರಗಾದ. ನಾವೂ ನಂಬಿದೆವು. ಅದು ಪ್ರಯಾಣಿಕರು ಮುಂದಿನ ರೈಲು ಬರುವವರೆಗೆ ಮೈ ಚೆಲ್ಲುವ ಕೋಣೆಯೆಂದು ತಿಳಿಯಲು ಬಹಳ ಕಾಲ ಬೇಕಾಯಿತು.

ವ್ಯಾಪಾರಸ್ಥರ ಬಳಕೆಯೂ ಗಮನಾರ್ಹ. ಹುಂಡಿಯ ಹಣವನ್ನು ವಾಯಿದೆಗೆ ಮೊದಲೇ ತೀರಿಸಿ ಕಾಗದವನ್ನು ಮರಳಿ ಪಡೆದರೆ, ಆ ಹುಂಡಿ ‘ರಿಟೈರ್’ ಆಯಿತೆನ್ನುತ್ತಾರೆ. ಅದು ಚಲಾವಣೆಯಿಂದ ಹೊರಬಂತು, ಋಣ ಹರಿಯಿತು. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯಲ್ಲಿ ಪಾಲುದಾರನು ‘ರಿಟೈರ್’ ಆಗುವುದಕ್ಕೆ ಒಂದು ಕಲಮೇ ಇದೆ. ತಾನು ಹೊರಬಂದೆನೆಂದು ಸಾರ್ವಜನಿಕ ಪ್ರಕಟಣೆ ಆಗುವವರೆಗೆ, ಉಳಿದವರು ಮಾಡುವ ವ್ಯವಹಾರಕ್ಕೆ ಅವನೂ ಹೊರಗಿನವರಿಗೆ ಹೊಣೆಗಾರನಾಗಿಯೇ ಇರುತ್ತಾನೆ. ಇದನ್ನು ಓದುವಾಗ ನಮಗೆ ಅನಿಸಿದ್ದು ಇಷ್ಟು: ನಮ್ಮ ಪ್ರಕಟಣೆಯೇನೋ ಶಾಲುಹಾರಗಳೊಂದಿಗೆ ಆಗಿತ್ತು, ಆದರೆ ನಾವು ಹೊರಬಂದಿರಲಿಲ್ಲ.

ಕ್ರಿಕೆಟ್ಟಿನಲ್ಲಿ ಗಾಯಗೊಂಡ ಆಟಗಾರ ‘ರಿಟೈರ್ಡ್ ಹರ್ಟ್’ ಆಗಿ ಹೊರಗೆ ಹೋದರೆ, ಚೇತರಿಸಿಕೊಂಡ ಮೇಲೆ ಮರಳಿ ಬಂದು ಆಡಬಹುದು. ಅಂಥ ಕಾರಣವಿಲ್ಲದೆ ತಾನಾಗಿ ಹೊರನಡೆದವನು ಎದುರಾಳಿ ನಾಯಕನ ಒಪ್ಪಿಗೆ ಇಲ್ಲದೆ ಮರಳುವಂತಿಲ್ಲ. 2001ರಲ್ಲಿ ಕೊಲಂಬೊದಲ್ಲಿ ಬಾಂಗ್ಲಾದೇಶದ ಎದುರಿನ ಟೆಸ್ಟಿನಲ್ಲಿ ಶ್ರೀಲಂಕೆಯ ಮಾರ್ವನ್ ಅಟಪಟ್ಟು 201, ಮಹೇಲ ಜಯವರ್ಧನೆ 150 ಓಟಗಳನ್ನು ಗಳಿಸಿ, ಉಳಿದವರಿಗೂ ಆಡುವ ಅವಕಾಶ ಸಿಗಲೆಂದು ಹೊರನಡೆದರು. ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಔಟಾದರೆಂದೇ ದಾಖಲಾಯಿತು. ಇದನ್ನು ನಮಗೆ ತಿಳಿಸಿದವನು ನಮ್ಮ ಮಗ. ನಾವು ಕ್ರಿಕೆಟ್ ಬಲ್ಲವರಲ್ಲ. ಆದರೂ ಕೈಯಲ್ಲಿ ಬ್ಯಾಟು ಇರುವಾಗಲೇ ಇತರರಿಗಾಗಿ ಮೈದಾನ ಬಿಟ್ಟುಕೊಡಲು ಆಗುತ್ತದೆಂಬುದು ನಮ್ಮನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಇವೆಲ್ಲವನ್ನು ಸಾಲಾಗಿ ಬರೆದು ನೋಡಿದಾಗ ನಮ್ಮ ವ್ಯಾಕರಣದ ಕಣ್ಣಿಗೆ ಒಂದು ಸಂಗತಿ ಹೊಳೆಯಿತು. ಸೈನ್ಯ ಶಿಬಿರಕ್ಕೆ, ಪಂಚರು ಒಳಕೋಣೆಗೆ, ಪ್ರಯಾಣಿಕ ವಿಶ್ರಾಂತಿಗೆ, ಹಕ್ಕಿ ಗೂಡಿಗೆ. ಎಲ್ಲವೂ ಚತುರ್ಥೀ ವಿಭಕ್ತಿ! ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕ ಸುಮಾರು 1611ರದು. ಅದರ ಕೊನೆಯಲ್ಲಿ ಪ್ರಾಸ್ಪೆರೊ ತನ್ನ ಮಾಂತ್ರಿಕ ವಿದ್ಯೆಯನ್ನು ತೊರೆದು ಮಿಲಾನಿಗೆ ಹೋಗುವ ಮಾತನ್ನಾಡುವಾಗ ಈ ಕ್ರಿಯಾಪದವನ್ನೇ ಬಳಸುತ್ತಾನೆ. ಅದಕ್ಕೆ ‘ತನ್ನನ್ನು’ ಎಂಬ ಕರ್ಮಪದವನ್ನೂ ಜೋಡಿಸುತ್ತಾನೆ. ತನ್ನನ್ನು ತಾನು ಇಂಥಲ್ಲಿಗೆ ಎಳೆದುಕೊಳ್ಳುವುದು. ಕರ್ತೃವೂ ತಾನೇ, ಕರ್ಮವೂ ತಾನೇ, ಹೋಗಬೇಕಾದ ಸ್ಥಳವೂ ಹೇಳಲ್ಪಟ್ಟಿದೆ. ಹಳೆಯ ವಾಕ್ಯದಲ್ಲಿ ಕೊರತೆಯೇ ಇಲ್ಲ.

ಕಚೇರಿಯ ವಾಕ್ಯವಾದರೋ ಬೇರೆ. ಉದ್ಯೋಗದಿಂದ ಸರಿಯುವುದಕ್ಕೆ ಈ ಪದ 17ನೆಯ ಶತಮಾನದಿಂದಲೇ ಬಳಕೆಯಾದರೂ, ಇಷ್ಟು ವಯಸ್ಸಿಗೆ ಎಂದು ಗೆರೆ ಎಳೆದದ್ದು ತೀರ ಈಚೆಗೆ. 1889ರಲ್ಲಿ ಬಿಸ್ಮಾರ್ಕನ ಕಾಲದ ಜರ್ಮನಿ ವೃದ್ಧಾಪ್ಯದ ಪಿಂಚಣಿಗೆ 70 ವರ್ಷವೆಂದು ಗೊತ್ತುಮಾಡಿತು. 1916ರಲ್ಲಿ ಅದನ್ನು 65ಕ್ಕೆ ಇಳಿಸಲಾಯಿತು. ಬ್ರಿಟನ್ 1908ರ ಕಾಯಿದೆಯಲ್ಲಿ 70 ಎಂದಿತು. ನಮ್ಮ ಕೇಂದ್ರ ಸರಕಾರದ ನೌಕರರಿಗೆ 1962ರಲ್ಲಿ 55 ಇದ್ದದ್ದು 58 ಆಯಿತು, 1998ರಲ್ಲಿ 60 ಆಯಿತು. ಕರ್ನಾಟಕದ ನೌಕರರಿಗೆ 58 ಇದ್ದದ್ದು 2008ರಲ್ಲಿ 60 ಆಯಿತು. ಸರಕಾರಗಳು ವಯಸ್ಸನ್ನು ಗೊತ್ತುಮಾಡಬಲ್ಲವು, ಪಿಂಚಣಿಯನ್ನು ಕೊಡಬಲ್ಲವು. ಆದರೆ ಕಚೇರಿಯ ಆದೇಶದಲ್ಲಿ ‘ಸೇವೆಯಿಂದ’ ಎಂಬ ಒಂದೇ ಪದವಿರುತ್ತದೆ. ಎಲ್ಲಿಂದ ಎಂಬುದು ಅಲ್ಲಿದೆ, ಎಲ್ಲಿಗೆ ಎಂಬುದು ಇಲ್ಲ. ಆ ಚತುರ್ಥಿಯನ್ನು ನಾವೇ ತುಂಬಿಕೊಳ್ಳಬೇಕು. ನಾವು ತುಂಬಿಕೊಂಡಿರಲಿಲ್ಲ. ಹೋಗಲು ಬೇರೆ ಸ್ಥಳವನ್ನು ಗೊತ್ತುಮಾಡಿಕೊಳ್ಳದವನ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಆಗ ನಮಗೆ ನಮ್ಮ ತಾಯಿಯವರ ನೆನಪಾಯಿತು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ‘ರಿಟೈರ್’ ಎಂಬ ಪದವನ್ನು ಒಮ್ಮೆಯೂ ಆಡಿದವರಲ್ಲ. ನಮ್ಮ ಮನೆಯವರು ಸೊಸೆಯಾಗಿ ಬಂದ ಎರಡನೆಯ ವರ್ಷ, ಸೊಂಟದ ಬೀಗದ ಕೈಗೊಂಚಲನ್ನು ಬಿಚ್ಚಿ ಅವರ ಕೈಯಲ್ಲಿ ಇಟ್ಟು, “ಇನ್ನ ಮನಿ ನಿಂದವ್ವ” ಎಂದರು. ಅಂದಿನಿಂದ ಸಾರಿನ ರುಚಿ ಹೆಚ್ಚು ಕಡಿಮೆಯಾದರೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತಿದ್ದಲಿಲ್ಲ. ಕೇಳಿದರೆ ಹೇಳುತ್ತಿದ್ದರು. ಕೇಳದಿದ್ದರೆ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದರು; ಓಣಿಯ ಬಾಣಂತಿಯರ ಕೂಸುಗಳಿಗೆ ಎರೆಯಲು ಹೋಗುತ್ತಿದ್ದರು. ಅಡುಗೆಮನೆಯಿಂದ ಹಿಂದೆಗೆದು ಅವರು ಓಣಿಗೆಲ್ಲ ಅವ್ವನಾದರು. ಪದವನ್ನು ಬಿಡಿಸಿ ನೋಡಬಲ್ಲ ಮಗನಿಗೆ ಬಾರದ ಅರ್ಥ ಆ ಪದವನ್ನೇ ಅರಿಯದ ತಾಯಿಗೆ ಕೈವಶವಾಗಿತ್ತು.

ಇಲ್ಲಿ ಓದುಗರಲ್ಲಿ ಕೆಲವರು ಒಂದು ಮಾತು ಎತ್ತಬಹುದು. ಕಾಯಕಕ್ಕೆ ನಿವೃತ್ತಿ ಉಂಟೇ ಎಂದು. ಇಲ್ಲ, ಉಸಿರಿರುವವರೆಗೆ ಅದು ನಡೆಯಬೇಕಾದದ್ದೇ. ನಾವೂ ಆ ವರ್ಷವೆಲ್ಲ ಇದೇ ಮಾತಿನ ಮರೆಯಲ್ಲಿ ಕುಳಿತಿದ್ದೆವು. ಕಾಯಕ ಬೇರೆ, ಕುರ್ಚಿ ಬೇರೆ ಎಂಬುದನ್ನು ಮರೆತಿದ್ದೆವು. ಇನ್ನೊಬ್ಬರ ಕಾಯಕಕ್ಕೆ ಅಡ್ಡವಾಗಿ ನಿಲ್ಲುವುದು ನಮ್ಮ ಕಾಯಕವಾಗಲಾರದು.

ಆ ವಾರದ ಕೊನೆಗೆ ಶಿಕ್ಷಕಿಯವರ ಮನೆಗೆ ನಾವೇ ಹೋದೆವು. ಮೂವತ್ತು ವರ್ಷಗಳಲ್ಲಿ ಬರೆದಿಟ್ಟುಕೊಂಡಿದ್ದ ವ್ಯಾಕರಣದ ಟಿಪ್ಪಣಿಗಳ ಕಟ್ಟನ್ನು ಅವರಿಗೆ ಕೊಟ್ಟು, “ಬೇಕಾದದ್ದನ್ನು ಇಟ್ಟುಕೊಳ್ಳಿ, ಬೇಡವಾದದ್ದನ್ನು ಬಿಡಿ. ಇನ್ನು ಬಾಗಿಲಿಗೆ ಬರುವುದಿಲ್ಲ, ಕರೆದರೆ ಮಾತ್ರ ಬರುತ್ತೇವೆ” ಎಂದೆವು. ಅವರ ಕಣ್ಣು ತುಂಬಿತು. ಹೇಳುವುದು ಸುಲಭವಾಗಿರಲಿಲ್ಲ, ಮರಳಿ ಬರುವ ದಾರಿ ಎಂದಿಗಿಂತ ಉದ್ದವಾಗಿ ಕಂಡಿತು.

ಈಗ ಬೆಳಿಗ್ಗೆ ನಾವು ‘ಶಬ್ದಮಣಿದರ್ಪಣ’ವನ್ನು ಮೊದಲ ಸೂತ್ರದಿಂದ ಮತ್ತೆ ಓದುತ್ತಿದ್ದೇವೆ. ಪರೀಕ್ಷೆಗೆ ಬರುವ ಭಾಗವನ್ನಷ್ಟೇ ಪಾಠ ಮಾಡಿ, ಎಷ್ಟೋ ಸೂತ್ರಗಳನ್ನು ದಾಟಿ ಹೋಗಿದ್ದೆವೆಂಬುದು ಈಗ ತಿಳಿಯುತ್ತಿದೆ. ಮಧ್ಯಾಹ್ನ ಜೋಳ ಹಸನು ಮಾಡುವುದು, ಚಹಾ ಕಾಸುವುದು ನಮ್ಮ ಪಾಲಿಗೆ ಬಂದಿದೆ. ನಮ್ಮ ಮನೆಯವರಿಗೆ ಯಾವ ಸರಕಾರವೂ ನಿವೃತ್ತಿಯ ವಯಸ್ಸನ್ನು ಗೊತ್ತುಮಾಡಿಲ್ಲವೆಂಬುದು ನಮಗೆ ಹೊಳೆದದ್ದೇ ಅರವತ್ತೊಂದಕ್ಕೆ. ಸಂಜೆ ಮೊಮ್ಮಗಳ ಪಾಠ.

ನಿವೃತ್ತಿಯ ಹೊಸ್ತಿಲಲ್ಲಿರುವ ಬಂಧುಗಳಲ್ಲಿಯೂ ಅವರ ಮನೆಯವರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಪಿಂಚಣಿ, ಗ್ರ್ಯಾಚುಟಿಗಳ ಲೆಕ್ಕವನ್ನು ಹಾಕುವುದು ಅವಶ್ಯ. ಅದರ ಜೊತೆಗೆ ‘ಎಲ್ಲಿಗೆ’ ಎಂಬ ಪದವನ್ನೂ ಒಂದೆರಡು ವರ್ಷ ಮೊದಲೇ ಹುಡುಕಿಟ್ಟುಕೊಳ್ಳಿರಿ. ಹೊಲವಾಗಲಿ, ಪುಸ್ತಕವಾಗಲಿ, ಓಣಿಯ ಕೆಲಸವಾಗಲಿ, ಅದು ನಿಮ್ಮದೇ ಆಗಿರಲಿ.

ಶಾಲೆ ನಮ್ಮ ಮನೆಗೆ ದೂರವಿಲ್ಲ. ಹತ್ತು ಗಂಟೆಯ ಗಂಟೆ ಪಡಸಾಲೆಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಇಂದಿಗೂ ಅದು ಬಾರಿಸಿದೊಡನೆ ಕಾಲು ಚಪ್ಪಲಿಯತ್ತ ಸರಿಯುತ್ತದೆ. ಅದನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡು ಕುಳಿತುಕೊಳ್ಳುತ್ತೇವೆ.